ಬಲಕ್ಕೆ ಉಳಿದ ಮೆಣಸು

ಕಾಫಿ ಲೋಟಕ್ಕೆ ಕೈ ಚಾಚುವ ಮೊದಲು ಮೇಸ್ತ್ರಿ ಕಂಬ ಮುಟ್ಟಿದರು. ಬರೀ ಎರಡು ಬೆರಳು. ಮುಟ್ಟಿ, ಹಿಡಿದಂತೆ ಮಾಡಿ, ಬಿಟ್ಟುಬಿಟ್ಟರು. ಹನ್ನೊಂದು ವರ್ಷಗಳಿಂದ ಬೆಳಿಗ್ಗೆ ಏಳೂವರೆಗೆ ನಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಕಾಫಿ ಕುಡಿದು ತೋಟಕ್ಕೆ ಹೋಗುವವರು ಅವರು. ಕಂಬದ ಆಸರೆ ಅವರಿಗೆ ಎಂದೂ ಬೇಕಾಗಿರಲಿಲ್ಲ.

"ಎಂಥದು ಮೇಸ್ತ್ರಿ, ಹುಷಾರಿಲ್ವಾ?"

"ಎಂಥದೂ ಇಲ್ಲ ಅಮ್ಮೋರೆ. ಸ್ವಲ್ಪ ಪಿತ್ತ."

ನಾನೂ ಒಪ್ಪಿಕೊಂಡೆ. ತಲೆ ತಿರುಗಿದರೆ ನಮ್ಮ ಕಡೆ ಅದಕ್ಕೊಂದೇ ಹೆಸರು. ಜೀರಿಗೆ ಕಷಾಯ ಮಾಡಿದೆ, ಮಧ್ಯಾಹ್ನಕ್ಕೆ ಪುನರ್ಪುಳಿ ಸಾರು ಕಳಿಸಿದೆ. ಕಾನ್ವೆಂಟಿನಲ್ಲಿ ನಮಗೆ ಪ್ರಕೃತಿ ಪಾಠ ಮಾಡುತ್ತಿದ್ದ ಸಿಸ್ಟರ್ ಒಬ್ಬರು, "ಮೊದಲು ಎಲೆಯ ಚಿತ್ರ ಬಿಡಿಸಿ, ಆಮೇಲೆ ಹೆಸರು ಬರೆಯಿರಿ" ಎನ್ನುತ್ತಿದ್ದರು. ಆ ದಿನ ನಾನು ಹೆಸರನ್ನು ಮೊದಲೇ ಬರೆದುಬಿಟ್ಟೆ.

ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಪಕ್ಕದ ಗುಡ್ಡದಲ್ಲಿ ನಮ್ಮದು ಹನ್ನೆರಡು ಎಕರೆ. ಕಾಫಿ ಕೊಯ್ಲು ಮುಗಿದು ಕಾಳುಮೆಣಸಿನ ಕೊಯ್ಲು ಶುರುವಾಗಿತ್ತು. ನಮ್ಮ ಮೆಣಸಿನ ಬಳ್ಳಿಗಳು ಸಿಲ್ವರ್ ಓಕ್ ಮರಗಳನ್ನು ತಬ್ಬಿಕೊಂಡು ನಲವತ್ತು ಅಡಿ ಏರಿವೆ. ಅವುಗಳನ್ನು ಹತ್ತಲು ಇರುವುದು ಒಂದೇ ಬಿದಿರಿನ ಏಣಿ. ಒಂದು ಉದ್ದನೆಯ ಗಳ, ಗೆಣ್ಣಿಗೊಂದರಂತೆ ಕಾಲಿಡಲು ಗೂಟ, ಅಷ್ಟೇ. ಅದರ ಮೇಲೆ ನಿಲ್ಲುವುದೇ ಒಂದು ವಿದ್ಯೆ. ಮೇಸ್ತ್ರಿ ಅಂತ ಕರೆಸಿಕೊಂಡರೂ ಅವರು ಬರೀ ಕೆಲಸ ಮಾಡಿಸುವವರಲ್ಲ. ಎತ್ತರದ ಮರಗಳನ್ನು ತಾವೇ ಹತ್ತುತ್ತಿದ್ದರು, ಆ ಏಣಿಯನ್ನು ಬೇರೆಯವರಿಗೆ ಮುಟ್ಟಲೂ ಬಿಡುತ್ತಿರಲಿಲ್ಲ.

ನಿಜ ಹೇಳಿದ್ದು ಅವರ ಹೆಂಡತಿ. ಅಡುಗೆಮನೆಯಲ್ಲಿ ನನ್ನ ಜೊತೆ ಹಲಸಿನ ಹಪ್ಪಳಕ್ಕೆ ಹಿಟ್ಟು ಕುಟ್ಟುತ್ತಾ, ಒನಕೆ ನಿಲ್ಲಿಸದೆ ಹೇಳಿದರು.

"ಬಲಕ್ಕೆ ಮಗ್ಗಲು ತಿರುಗಿದ್ರೆ ಮನೆ ಮಾಡೇ ತಿರುಗ್ತದಂತೆ ಅಮ್ಮೋರೆ, ಬೀಸೋ ಕಲ್ಲು ತಿರುಗಿದಂಗೆ. ಒಂದು ಗಳಿಗೆ, ಆಮೇಲೆ ನಿಲ್ತದೆ. ಮೊನ್ನೆ ಮರದ ಮೇಲೆ ತಲೆ ಎತ್ತಿ ನೋಡಿದ್ರಂತೆ. ಮರಾನೇ ತಬ್ಕೊಂಡು ನಿಂತಿದ್ರಂತೆ, ಕೆಳಗಿನೋರಿಗೆ ಗೊತ್ತಾಗಬಾರದು ಅಂತ ಹಾಡು ಹೇಳ್ತಾ!"

ಹೇಳಿ ನಕ್ಕರು. ಒನಕೆ ಮಾತ್ರ ಅಲ್ಲೇ ನಿಂತಿತು. ನಲವತ್ತು ಅಡಿ ಎತ್ತರದಲ್ಲಿ, ಒಂದು ಗಳದ ಮೇಲೆ, ಲೋಕವೆಲ್ಲ ಬೀಸುವ ಕಲ್ಲಾಗಿದ್ದ ಆ ಗಳಿಗೆಯನ್ನು ನಾವಿಬ್ಬರೂ ಒಟ್ಟಿಗೇ ನೋಡಿದೆವು ಅಂತ ಕಾಣುತ್ತದೆ.

ಮಾರನೆಯ ದಿನವೇ ನಾನೂ ಮೇಸ್ತ್ರಿಯೂ ಚಿಕ್ಕಮಗಳೂರಿಗೆ ಹೊರಟೆವು. ನಮ್ಮನೆಯವರಿಗೆ ತೋಟ ಬಿಡುವಂತಿರಲಿಲ್ಲ, ಬಾಡಿಗೆ ಜೀಪು ಮಾಡಿಕೊಟ್ಟರು. ಕೊಟ್ಟಿಗೆಹಾರದವರೆಗೆ ತಿರುವಿನ ಮೇಲೆ ತಿರುವು. ಘಟ್ಟದ ಹೆಂಗಸರ ಕೈಚೀಲದಲ್ಲಿ ಮೂರು ಸಾಮಾನು ಯಾವಾಗಲೂ ಇರುತ್ತವೆ: ಒಂದು ನಿಂಬೆಹಣ್ಣು, ಒಂದು ಪ್ಲಾಸ್ಟಿಕ್ ಕವರು, ವಾಂತಿ ಮಾತ್ರೆ. ಗಾಡಿ ಹತ್ತುವ ಮೊದಲು ಮಾತ್ರೆ ಕೊಡುವುದು ನಮಗೆ ಕುಂಕುಮ ಇಟ್ಟು ಕಳಿಸಿದಷ್ಟೇ ಸಹಜ. ಮೇಸ್ತ್ರಿಗೆ ಒಂದು ಕೊಟ್ಟೆ. ಮೂಡಿಗೆರೆ ಬಂದಾಗ, ದಾರಿ ಇನ್ನೂ ಇದೆಯಲ್ಲ ಅಂತ ಇನ್ನೊಂದು ಕೊಟ್ಟೆ. ಅವರು ಕಿಟಕಿಗೆ ತಲೆ ಆನಿಸಿ ಮಗುವಿನ ಹಾಗೆ ನಿದ್ದೆ ಹೋದರು. ಮಂಜು ಇನ್ನೂ ಕಣಿವೆಯಲ್ಲೇ ಇತ್ತು, ಮರಗಳ ತುದಿಗಳು ಮಾತ್ರ ಅದರ ಮೇಲೆ ತೇಲುತ್ತಿದ್ದವು. ನನಗೆ ನನ್ನ ಮೇಲೇ ಒಂದು ಸಣ್ಣ ಹೆಮ್ಮೆ.

ಕಿವಿ ಮೂಗು ಗಂಟಲಿನ ಡಾಕ್ಟರಮ್ಮ ಅವಸರದವರಲ್ಲ. ಯಾವಾಗ ತಿರುಗುತ್ತದೆ, ಎಷ್ಟು ಹೊತ್ತು, ಕಿವಿ ಮಂದವಾಗಿದೆಯೇ, ಗುಂಯ್‌ಗುಡುತ್ತದೆಯೇ, ಮಾತು ತೊದಲಿತ್ತೇ, ಒಂದು ವಸ್ತು ಎರಡಾಗಿ ಕಂಡಿತ್ತೇ ಎಂದು ಒಂದೊಂದಾಗಿ ಕೇಳಿದರು. ಮಲಗಿಸಿ ಬಿ.ಪಿ. ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು. ಕಬ್ಬಿಣದ ಕವೆಯನ್ನು ಬಡಿದು ಕಿವಿಯ ಬಳಿ ಹಿಡಿದರು. ಕಣ್ಣು ಮುಚ್ಚಿ ನಿಂತಲ್ಲೇ ಹೆಜ್ಜೆ ಹಾಕಿಸಿದರು. ಕೊನೆಗೆ ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ತಲೆಯನ್ನು ಅರ್ಧ ಬಲಕ್ಕೆ ತಿರುಗಿಸಿ, ಎರಡೂ ಕೈಯಲ್ಲಿ ತಲೆ ಹಿಡಿದು ಬೇಗನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಇಳಿಯಿತು. "ಕಣ್ಣು ಮುಚ್ಚಬೇಡಿ, ನನ್ನನ್ನೇ ನೋಡಿ."

ಡಾಕ್ಟರಮ್ಮನ ಜೊತೆ ನಾನೂ ಮೇಸ್ತ್ರಿಯ ಕಣ್ಣು ನೋಡಿದೆ. ನಿದ್ದೆಗಣ್ಣು. ಕೆರೆಯ ನೀರಿನಂತೆ ಸುಮ್ಮನೆ ಇದ್ದವು. ಎಡಕ್ಕೂ ಮಲಗಿಸಿದರು. ಏನಿಲ್ಲ.

"ಯಾವುದಾದ್ರೂ ಮಾತ್ರೆ ತಗೊಂಡಿದ್ರಾ?"

"ಇಲ್ಲ" ಎಂದರು ಮೇಸ್ತ್ರಿ. ಸುಳ್ಳಲ್ಲ, ವಾಂತಿ ಮಾತ್ರೆಯನ್ನು ನಮ್ಮಲ್ಲಿ ಯಾರೂ ಮಾತ್ರೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾನು ಕರವಸ್ತ್ರಕ್ಕೆಂದು ಚೀಲ ತೆರೆದೆ. ನಿಂಬೆಹಣ್ಣಿನ ಪಕ್ಕದಲ್ಲಿ ಎರಡು ಗುಳಿ ಖಾಲಿಯಾದ ಮಾತ್ರೆಯ ಹಾಳೆ ಮಿರಮಿರ ಹೊಳೆಯಿತು.

ಸುಮ್ಮನಿದ್ದುಬಿಡಬಹುದಿತ್ತು. ಹಾಳೆಯನ್ನು ಅವರ ಮೇಜಿನ ಮೇಲಿಟ್ಟೆ.

ಡಾಕ್ಟರಮ್ಮ ಬೈಯಲಿಲ್ಲ. "ಈ ಮಾತ್ರೆ ಕಿವಿಯ ಒಳಗಿನ ಗಲಾಟೆಯನ್ನ ಅಡಗಿಸಿಬಿಡುತ್ತೆ. ನನಗೆ ಬೇಕಾಗಿದ್ದು ಆ ಗಲಾಟೆನೇ. ಕಳ್ಳನನ್ನ ಹಿಡಿಯೋಕೆ ನಾನು ಮುಂಬಾಗಿಲಲ್ಲಿ ಕೂತಿದ್ರೆ, ನೀವು ಉಪಚಾರ ಮಾಡಿ ಮಲಗಿಸಿಬಿಟ್ಟಿದ್ದೀರಿ" ಎಂದು ನಕ್ಕರು. "ನಾಲ್ಕು ದಿನ ಬಿಟ್ಟು ಬನ್ನಿ. ಎರಡು ದಿನ ಮುಂಚಿನಿಂದ ಏನೂ ಕೊಡಬೇಡಿ. ಅಲ್ಲಿವರೆಗೆ ಮರ ಹತ್ತೋದು ಬೇಡವೇ ಬೇಡ."

ವಾಪಸು ಬರುವಾಗ ಮೇಸ್ತ್ರಿಯೇ ನನ್ನನ್ನು ಸಮಾಧಾನ ಮಾಡಿದರು. "ಹೋಗ್ಲಿ ಬಿಡಿ ಅಮ್ಮೋರೆ. ಈ ಘಾಟಿಯಲ್ಲಿ ಇಷ್ಟು ಚಂದ ನಿದ್ದೆ ನಾನು ಜನ್ಮದಲ್ಲೇ ಮಾಡಿರ್ಲಿಲ್ಲ."

ಎರಡನೆಯ ಪ್ರಯಾಣ ನೆನೆದರೆ ಈಗಲೂ ಪಾಪ ಅನಿಸುತ್ತದೆ. ಮೂರು ಕಡೆ ಜೀಪು ನಿಲ್ಲಿಸಿದೆವು. ಕೈಗೆ ನಿಂಬೆ ಎಲೆ ಹಿಸುಕಿ ಕೊಡುವುದು ಬಿಟ್ಟರೆ ನನ್ನಿಂದ ಇನ್ನೇನೂ ಆಗುವಂತಿರಲಿಲ್ಲ. ಆದರೆ ಈ ಸಲ ಡಾಕ್ಟರಮ್ಮ ತಲೆಯನ್ನು ಬಲಕ್ಕೆ ತಿರುಗಿಸಿ ಮಲಗಿಸಿದಾಗ, ಮೊದಲು ನಾಲ್ಕೈದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಣ್ಣುಗಳು ಎದ್ದವು. ಬೇರೆ ಮಾತು ನನಗೆ ಸಿಗುತ್ತಿಲ್ಲ. ಕಪ್ಪು ಗುಡ್ಡೆ ಕೆಳಗಿನ ಕಿವಿಯ ಕಡೆಗೆ ಸುತ್ತಿ ಸುತ್ತಿ ಜಗ್ಗುತ್ತಿತ್ತು. ಒಳಗೆ ಯಾರೋ ಸಣ್ಣ ದಾರ ಕಟ್ಟಿ ಎಳೆದ ಹಾಗೆ. ಮೇಸ್ತ್ರಿ ಮಂಚದ ಕಂಬಿಯನ್ನು ಮರ ಎಂಬಂತೆ ತಬ್ಬಿಕೊಂಡರು. ಎಳೆತ ನಿಧಾನವಾಯಿತು, ಇನ್ನೂ ನಿಧಾನ, ನಿಂತಿತು.

"ಸಿಕ್ಕಿತು" ಎಂದರು ಡಾಕ್ಟರಮ್ಮ.

ನನಗೆ ಅವರು ವಿವರಿಸಿದ್ದು ಹೀಗೆ. ಕಿವಿಯ ಒಳಗೆ, ಮೂಳೆಯಲ್ಲಿ, ನೀರು ತುಂಬಿದ ಮೂರು ಬಳೆಯಾಕಾರದ ಕೊಳವೆಗಳಿವೆ. ಅವುಗಳ ಬುಡದ ಚೀಲದಲ್ಲಿ ಸುಣ್ಣದ ಹರಳುಗಳು, ಕಣ್ಣಿಗೆ ಕಾಣದಷ್ಟು ಸಣ್ಣವು, ಅಂಟಿಕೊಂಡಿರುತ್ತವೆ. ಕೆಲವು ಬಿಡಿಸಿಕೊಂಡು ಕೊಳವೆಗೆ ಜಾರಿಬಿಟ್ಟರೆ, ತಲೆ ತಿರುಗಿಸಿದಾಗೆಲ್ಲ ಅವೂ ಜಾರುತ್ತವೆ, ನೀರು ಅಲುಗುತ್ತದೆ. ತಲೆ ನಿಂತರೂ ನೀರು ನಿಂತಿಲ್ಲ. ಕಣ್ಣು ನೀರಿನ ಮಾತನ್ನೇ ನಂಬುತ್ತದೆ. ಲೋಟದ ತಳದ ಕಾಫಿ ಚರಟ ಅಲ್ಲಾಡಿಸಿದರೆ ಎದ್ದು, ಆಮೇಲೆ ಕೂರುವ ಹಾಗೆ.

"ಔಷಧಿಗಿಂತ ದಾರಿ ತೋರಿಸೋದು ಮುಖ್ಯ. ಹರಳುಗಳನ್ನ ಬಂದ ದಾರೀಲಿ ವಾಪಸ್ ಉರುಳಿಸಬೇಕು" ಎಂದು ಅವರು ತಲೆಯನ್ನು ಬಲದಿಂದ ಎಡಕ್ಕೆ ನಿಧಾನ ತಿರುಗಿಸಿದರು. ಕಾದರು. ಮೈಯನ್ನೂ ಎಡಮಗ್ಗಲಿಗೆ ಹೊರಳಿಸಿ, ಮೂಗು ನೆಲ ನೋಡುವಂತೆ ಮಾಡಿದರು. ಕಾದರು. ಗದ್ದ ಎದೆಗೆ ಒತ್ತಿಕೊಂಡೇ ಎದ್ದು ಕೂರಿಸಿದರು. ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಬಲಕ್ಕೆ ಮಲಗಿಸಿದಾಗ ಕಣ್ಣು ಅಲುಗಲಿಲ್ಲ.

"ಇದು ಮತ್ತೆ ಬರಬಹುದು" ಎಂದರು ನನಗೆ. "ಪ್ರತಿ ಸಲ ಈ ಘಾಟಿ ಹತ್ತಿ ಇಳಿಯೋಕಾಗಲ್ಲ. ನೀವೇ ಕಲಿತುಕೊಳ್ಳಿ." ನನ್ನನ್ನೇ ಮಂಚದ ಮೇಲೆ ಮಲಗಿಸಿ, ನನ್ನಿಂದಲೂ ಮಾಡಿಸಿ, ನನ್ನ ಕೈ ಎಲ್ಲಿರಬೇಕು ಎಂದು ಎರಡೆರಡು ಸಲ ತಿದ್ದಿದರು. ಮಾತು ತೊದಲಿದರೆ, ಕೈಕಾಲು ಸೋತರೆ, ಎರಡೆರಡಾಗಿ ಕಂಡರೆ ಇದಲ್ಲ, ಬೇರೆ. ಒಂದು ಗಳಿಗೆಯೂ ಕಾಯಬೇಡಿ ಎಂದರು. ಮೂರು ವಾರ ಏಣಿ ಬೇಡ. ಆಮೇಲೂ, ಪರೀಕ್ಷೆ ಮಾಡಿ ಏನೂ ಇಲ್ಲ ಅಂತಾದ ಮೇಲೆಯೇ.

ಹತ್ತನೆಯ ದಿನ ಏಣಿ ತೋಟದಲ್ಲಿತ್ತು.

ನಮ್ಮನೆಯವರದೂ ತಪ್ಪೆನ್ನಲಾರೆ. ಮೆಣಸು ಕೆಂಪಾಗಿ ಉದುರತೊಡಗಿತ್ತು, ಹಕ್ಕಿಗಳು ಮುಗಿಬಿದ್ದಿದ್ದವು. ಮೇಸ್ತ್ರಿ ಕಣದಲ್ಲಿ ಒಂದು ಸುತ್ತು ನೆಟ್ಟಗೆ ನಡೆದು ತೋರಿಸಿ, "ನೋಡಿ ಅಯ್ಯ, ಕಡ್ಡಿ ಹಂಗಿದೀನಿ" ಎಂದಿದ್ದರು. ನನಗೂ ಹಾಗೇ ಕಂಡಿತು. ಕಂಬ ಮುಟ್ಟುವುದು ನಿಂತಿತ್ತು.

ನಾಲ್ಕು ದಿನವಾದ ಮೇಲೆ, ಒಂದು ಸಂಜೆ, ಬೆಳಗಿನ ಹತ್ತು ಗಂಟೆಯ ಕಾಫಿಗೆ ಕೊಟ್ಟಿದ್ದ ಕ್ಯಾನು ಹುಡುಕಿಕೊಂಡು ತೋಟಕ್ಕೆ ಇಳಿದೆ. ಆಳುಗಳೆಲ್ಲ ಹೋಗಿದ್ದರು. ಸಂಜೆಯ ಬಿಸಿಲು ಓರೆಯಾಗಿ ಬಂದು ಮರಗಳ ಒಂದು ಮಗ್ಗುಲಿಗೆ ಮಾತ್ರ ಹೊನ್ನು ಬಳಿದಿತ್ತು. ಆ ಹೊನ್ನಿನ ಮಗ್ಗುಲಲ್ಲಿ ಮೆಣಸಿನ ಗೊಂಚಲುಗಳು ತೂಗುತ್ತಿದ್ದವು. ಕೊಯ್ದಾದ ಮರ. ಮರೆತಿರಬೇಕು ಎಂದುಕೊಂಡೆ. ಮುಂದಿನ ಮರ ನೋಡಿದೆ. ಅದರಲ್ಲೂ ಅದೇ ಮಗ್ಗುಲು, ಅದೇ ಎತ್ತರ. ಮೂರನೆಯದು. ಏಳನೆಯದು.

ಕ್ಯಾನು ಕೆಳಗಿಟ್ಟು, ಮೇಸ್ತ್ರಿ ನಿಂತಿರಬಹುದಾದ ಜಾಗದಲ್ಲಿ ನಾನು ನಿಂತೆ. ಇಳಿಜಾರಿನಲ್ಲಿ ಏಣಿಯನ್ನು ಯಾವಾಗಲೂ ಗುಡ್ಡದ ಮೇಲುಬದಿಯಿಂದಲೇ ಮರಕ್ಕೆ ಆನಿಸುತ್ತಾರೆ. ನಮ್ಮ ಗುಡ್ಡ ದಕ್ಷಿಣಕ್ಕೆ ಇಳಿಯುವುದರಿಂದ, ಅಲ್ಲಿ ನಿಂತು ಮರ ನೋಡಿದರೆ, ಪಡುವಣ ಯಾವಾಗಲೂ ಬಲಗೈಗೆ. ತಲೆ ಎತ್ತಿದೆ, ಬಲಕ್ಕೆ ತಿರುಗಿಸಿದೆ. ನನ್ನ ನೋಟ ನೇರ ಹೋಗಿ ಆ ಗೊಂಚಲುಗಳ ಮೇಲೆ ಕೂತಿತು.

ಅವರಿಗೆ ಮತ್ತೆ ಶುರುವಾಗಿತ್ತು. ಯಾರಿಗೂ ಹೇಳದೆ, ತಿರುಗುವ ಕಡೆಯನ್ನು ಬಿಟ್ಟು, ತಿರುಗದ ಕಡೆಯನ್ನಷ್ಟೇ ಕೊಯ್ಯುತ್ತಿದ್ದರು. ಸುತ್ತಲೂ ಅಷ್ಟು ಚಂದದ ಬೆಳಕು. ಕೆಳಗಿಟ್ಟ ಕ್ಯಾನನ್ನು ಅಲ್ಲೇ ಮರೆತು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಕಾಫಿ ಲೋಟ ಕೊಡುವಾಗ ಕೇಳಿದೆ. "ಮೇಸ್ತ್ರಿ, ಪಡುವಣ ಮಗ್ಗುಲಿನ ಮೆಣಸು ಯಾರಿಗೆ ಬಿಟ್ಟಿದೀರಿ?"

ಅವರು ಕಾಫಿಯ ನೊರೆ ನೋಡುತ್ತಾ ನಿಂತರು. "ಹಕ್ಕಿಗಳಿಗೆ ಅಂತ..."

"ಹಕ್ಕಿಗಳಿಗೆ ಬಲಗಡೆ ಮಾತ್ರ ಸೇರೋದಾ?"

ಲೋಟ ಕೆಳಗಿಟ್ಟು ಹೇಳಿದರು. "ಕೆಳಗೆ ನಿಂತು ಬೇರೆಯೋರು ಹತ್ತೋದು ನೋಡ್ತಾ ಇರು ಅಂದ್ರೆ ಕಷ್ಟ ಆಯ್ತದೆ ಅಮ್ಮೋರೆ. ಈ ಏಣಿ ಬಿದಿರು ದೇವರಮನೆ ಬೆಟ್ಟದ ಕಡೆಯಿಂದ ನಾನೇ ಆರಿಸಿ ತಂದಿದ್ದು."

ನಮ್ಮನೆಯವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಇನ್ನು ಒಂದು ವಾರದ ಕೆಲಸ ಮಾರಾಯ್ತಿ. ಸಣ್ಣ ಮರ ಹತ್ತಲಿ ಬೇಕಾದ್ರೆ" ಎಂದರು, ಅರ್ಧ ಮನಸ್ಸಿನಿಂದ.

ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ತೋಟದ ಕೆಲಸದಲ್ಲಿ ನಾನು ಬಾಯಿ ಹಾಕಿದವಳಲ್ಲ. ಆ ದಿನ ಹಾಕಿದೆ. "ಏಣಿ ನಮ್ಮ ಅಡುಗೆಮನೆ ಅಟ್ಟದ ಕೆಳಗೆ ಇರಲಿ. ಮೂರು ದಿನ ಸಾಲಾಗಿ ಪರೀಕ್ಷೆಯಲ್ಲಿ ಕಣ್ಣು ಅಲುಗದಿದ್ದರೆ ನಾನೇ ತೆಗೆದುಕೊಡ್ತೀನಿ. ಅಷ್ಟರೊಳಗೆ ಉದುರಿದ್ದು ಉದುರಲಿ, ಹೆಕ್ಕಿಸೋಣ."

ಇಬ್ಬರೂ ಸೇರಿ ಏಣಿ ಹೊತ್ತು ತಂದರು. ಏಣಿ ಉದ್ದವಾಗಿ, ಅರ್ಧ ಅಡುಗೆಮನೆಯಲ್ಲಿ, ಅರ್ಧ ಹಿತ್ತಲಲ್ಲಿ ಮಲಗಿತು. ದಿನಾ ನಾನು ಅದನ್ನು ದಾಟಿಕೊಂಡೇ ಅನ್ನ ಬಸಿಯಲು ಹೋಗುತ್ತಿದ್ದೆ.

ಡಾಕ್ಟರಮ್ಮನಿಗೆ ಫೋನು ಮಾಡಿ ಒಪ್ಪಿಗೆ ಪಡೆದು, ಆಳುಗಳ ಮನೆಸಾಲಿನಲ್ಲಿದ್ದ ಮೇಸ್ತ್ರಿಯ ಲೈನ್ ಮನೆಯಲ್ಲೇ ಶುರು ಮಾಡಿದೆ. ಮಂಚವಿರಲಿಲ್ಲ. ನೆಲಕ್ಕೆ ಚಾಪೆ ಹಾಸಿದೆವು. ಮೊದಲ ದಿನ ನಾನು, ಕೈಯ ಅಭ್ಯಾಸ ನೋಡಿ, ದಿಂಬನ್ನು ತಲೆಯ ಕೆಳಗೆ ಇಟ್ಟುಬಿಟ್ಟಿದ್ದೆ. ಹಾಗಾದರೆ ತಲೆ ಹಿಂದಕ್ಕೆ ಇಳಿಯುವುದೇ ಇಲ್ಲ. ದಿಂಬು ಹೆಗಲ ಕೆಳಗೆ ಬರಬೇಕು ಎಂದು ನೆನಪಾಗಿ ತೆಗೆದು ಇಟ್ಟೆ. ಬಲಕ್ಕೆ ತಿರುಗಿಸಿ ಮಲಗಿಸಿದೆ. ನಾಲ್ಕು ಕ್ಷಣ ಕಳೆಯಿತು. ಆ ದಾರ ಮತ್ತೆ ಕಣ್ಣುಗುಡ್ಡೆಯನ್ನು ಎಳೆಯಿತು. ನನ್ನ ಅಂಗೈಯಲ್ಲಿ ಅವರ ತಲೆಯ ಭಾರ, ಬೆರಳ ತುದಿಯಲ್ಲಿ ಅವರ ನಾಡಿ.

ಪ್ರತಿ ಮಗ್ಗುಲಲ್ಲೂ ಸುಮಾರು ಒಂದು ನಿಮಿಷ ಕಾಯಬೇಕು. ಎರಡು ಕೈಯೂ ತಲೆ ಹಿಡಿದಿರುವಾಗ ಗಡಿಯಾರ ನೋಡುವುದೆಲ್ಲಿ? ಕಾನ್ವೆಂಟಿನಲ್ಲಿ ದಿನಾ ಹೇಳಿಸುತ್ತಿದ್ದ ಒಂದು ಇಂಗ್ಲೀಷ್ ಪ್ರಾರ್ಥನೆ ನನ್ನ ಬಾಯಿಗೆ ಬಂತು. ಅದನ್ನು ನಿಧಾನವಾಗಿ ಮೂರು ಸಲ ಹೇಳಿದರೆ ಸರಿಯಾಗಿ ಒಂದು ನಿಮಿಷ. ನಾನು ಲಿಂಗಕ್ಕೆ ಹೂವಿಡುವ ಮನೆಯವಳು, ಆದರೆ ನನ್ನೊಳಗಿನ ಗಡಿಯಾರ ಸಿಸ್ಟರುಗಳದು. ತುಟಿ ಅಲುಗಿಸುತ್ತಾ ಎಣಿಸಿದೆ: ಬಲಕ್ಕೆ ಮೂರು, ಎಡಕ್ಕೆ ಮೂರು, ನೆಲ ನೋಡಿ ಮೂರು.

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿಯ ಹೆಂಡತಿ ಪಕ್ಕದ ಮನೆಗೆ ಕೇಳುವಂತೆ ಪಿಸುಗುಟ್ಟಿದರು. "ಅಮ್ಮೋರು ಮಂತ್ರ ಹಾಕ್ತಾ ಇದ್ದಾರೆ!"

ಸಂಜೆಯೊಳಗೆ ಇಡೀ ಲೈನಿಗೆ ಸುದ್ದಿ. ಮರುದಿನ ಇಬ್ಬರು ಹೆಂಗಸರು ತಮ್ಮ ಪಿತ್ತ ತೆಗೆದುಕೊಂಡು ನಮ್ಮ ಹಿತ್ತಲಿಗೇ ಬಂದರು. "ಅದು ಮಂತ್ರ ಅಲ್ಲ ಕಣ್ರೇ, ಲೆಕ್ಕ" ಎಂದರೆ ನಂಬಲಿಲ್ಲ. "ಇಂಗ್ಲೀಷ್ ಮಂತ್ರ ಅಂತೆ, ಬೇಗ ಹಿಡೀತದಂತೆ" ಎಂದಳು ಒಬ್ಬಳು. ಆರೋಗ್ಯ ಕೇಂದ್ರಕ್ಕೆ ಹೋಗಿ ಬಿ.ಪಿ. ನೋಡಿಸಿಕೊಳ್ಳಿ ಎಂದು ಕಾಫಿ ಕೊಟ್ಟು ಕಳಿಸಿದೆ.

ಎರಡನೆಯ ದಿನವೂ ಕಣ್ಣು ಅಲುಗಿತು. ಮೇಸ್ತ್ರಿ ಗೋಡೆಗೆ ಮುಖ ಮಾಡಿ ಕೂತು, "ಸಾಕು ಬಿಡಿ, ನನ್ನ ಕಾಲ ಮುಗೀತು ಅನ್ಸ್ತದೆ" ಎಂದರು. ದಿಂಬು ಸರಿಮಾಡಿ, "ಇನ್ನೊಂದು ಸಲ ಮಲಗಿ" ಎಂದೆ. ಮಲಗಿದರು. ಮೂರನೆಯ ದಿನ ಬಲಕ್ಕೆ ಮಲಗಿಸಿ ಕಾದೆ. ಐದು ಕ್ಷಣ, ಹತ್ತು ಕ್ಷಣ, ಪ್ರಾರ್ಥನೆ ಒಂದು ಸುತ್ತು ಮುಗಿಯಿತು. ಕಣ್ಣೊಳಗೆ ಹೆಂಚಿನ ನಡುವಿನ ಗಾಜಿನ ಚೌಕ ಪುಟ್ಟದಾಗಿ, ಅಲುಗದೆ, ಹೊಳೆಯುತ್ತಿತ್ತು.

ಹರಳು ಮನೆ ಸೇರಿದರೂ ಮೈಗೆ ಭಯ ಉಳಿದಿರುತ್ತದೆ ಎಂದಿದ್ದರು ಡಾಕ್ಟರಮ್ಮ. ಅದಕ್ಕೆ ಅಭ್ಯಾಸಗಳಿದ್ದವು. ಗೋಡೆಗೆ ಕ್ಯಾಲೆಂಡರಿನ ಒಂದು ಅಂಕಿ ಅಂಟಿಸಿ, ಅದರಿಂದ ಕಣ್ಣು ಕೀಳದೆ ತಲೆಯನ್ನು ಅತ್ತಿತ್ತ ಆಡಿಸುವುದು. ಮಡಿಸಿದ ಗೋಣಿಚೀಲಗಳ ಮೇಲೆ ಕಾಲು ಜೋಡಿಸಿ ನಿಲ್ಲುವುದು, ಆಮೇಲೆ ಕಣ್ಣು ಮುಚ್ಚಿ ನಿಲ್ಲುವುದು. ಖಾಲಿಯಾದ ಕಣದ ಸಿಮೆಂಟಿನ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯುವುದು, ನಡೆಯುತ್ತಾ ತಲೆ ಎತ್ತಿ ಬಲಕ್ಕೆ ನೋಡುವುದು. ಬೆಳಗಿನ ಮಂಜಿನಲ್ಲಿ ಅವರು ಆ ಗೆರೆಯ ಮೇಲೆ ಬರುತ್ತಿದ್ದರೆ ನೀರಿನ ಮೇಲೆ ನಡೆದು ಬಂದಂತೆ ಕಾಣುತ್ತಿತ್ತು. ಪಕ್ಕದಲ್ಲಿ ಹೆಂಡತಿ, ಮುಟ್ಟದೆ, ಆದರೆ ಮುಟ್ಟುವಷ್ಟೇ ದೂರದಲ್ಲಿ. "ಕುಡಿದೋರು ನಡೆಯೋ ಹಂಗೆ ನಡೀತಿದ್ರು ಮೊನ್ನೆ, ಇವತ್ತು ಕುಡಿಸೋರ ಹಂಗೆ ನಡೀತಿದಾರೆ" ಎಂದು ತಮಾಷೆ ಮಾಡುತ್ತಿದ್ದರು.

ಈ ನಡುವೆ ಒಂದು ಮಧ್ಯಾಹ್ನ ಗುಡುಗಿ, ಒಂದಿಂಚು ಮಳೆ ಬಂತು. ಎಂಟು ದಿನಕ್ಕೆ ಕಾಫಿ ಹೂ ಅರಳಿತು. ಮೂರು ಬೆಳಿಗ್ಗೆ ಸಾಲಾಗಿ ಕಣ್ಣು ಅಲುಗದೆ ಇದ್ದದ್ದೂ, ಡಾಕ್ಟರಮ್ಮ ಹೇಳಿದ ಮೂರು ವಾರ ಕಳೆದದ್ದೂ, ಅವರು ಫೋನಿನಲ್ಲಿ "ಸೊಂಟಕ್ಕೆ ಹಗ್ಗ ಇರಲಿ, ಆಗಬಹುದು" ಎಂದದ್ದೂ ಅದೇ ವಾರ. ಮಾತಿನಂತೆ ನಾನೇ ಏಣಿಯ ಒಂದು ತುದಿ ಹಿಡಿದು ಹೊರಗೆ ತಂದೆ. ಕಾಳು ಬಹಳಷ್ಟು ಉದುರಿತ್ತು. ಎತ್ತರದ ಕೆಲವು ಮರಗಳಲ್ಲಿ ಮಾತ್ರ, ಪಡುವಣದ ಮಗ್ಗುಲಲ್ಲಿ, ಇನ್ನೂ ಉಳಿದಿತ್ತು.

ಗಿಡಗಳ ಮೇಲೆಲ್ಲ ಬಿಳಿ. ವಾಸನೆ ಎಷ್ಟು ದಟ್ಟವೆಂದರೆ, ನನಗೇ ತಲೆ ತಿರುಗುವಂತಿತ್ತು. ಜೇನುಹುಳಗಳ ಗುಂಯ್‌ಗುಡುವಿಕೆ ಇಡೀ ಗುಡ್ಡದಿಂದ ಒಟ್ಟಾಗಿ ಏಳುತ್ತಿತ್ತು. ಮೇಸ್ತ್ರಿ ಹಗ್ಗ ಕಟ್ಟಿಸಿಕೊಂಡು, ಏಣಿ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. ಅವರ ಹೆಂಡತಿ ನನ್ನ ಮುಂಗೈ ಹಿಡಿದುಕೊಂಡರು. ನಮ್ಮನೆಯವರು ಏಣಿಯ ಬುಡ ಒತ್ತಿ ನಿಂತಿದ್ದರು.

ಮುಕ್ಕಾಲು ಎತ್ತರದಲ್ಲಿ ಅವರು ತಲೆ ಎತ್ತಿದರು. ಬಲಕ್ಕೆ ತಿರುಗಿಸಿದರು. ಹಾಗೇ ನಿಂತುಬಿಟ್ಟರು.

ಕೈ ಅಲುಗಲಿಲ್ಲ. ಗೊಂಚಲು ಬೀಳಲಿಲ್ಲ. ಮರ ತಬ್ಬಿದರೇ ಎಂದು ನೋಡಿದೆ, ತಬ್ಬಿರಲಿಲ್ಲ. ಹಾಡು ಹೇಳುತ್ತಿದ್ದಾರೆಯೇ ಎಂದು ಕಿವಿಗೊಟ್ಟೆ, ಇಲ್ಲ. ನನ್ನ ತುಟಿ ಆಗಲೇ ಅಲುಗುತ್ತಿತ್ತು. ಒಂದು ಸುತ್ತು. ಎರಡು. ಮೂರನೆಯದು ಮುಗಿದಾಗ ತಡೆಯಲಾರದೆ ಕೂಗಿದೆ.

"ಮೇಸ್ತ್ರಿ! ತಿರುಗ್ತಾ ಇದೆಯಾ?"

ಮೇಲಿನಿಂದ ದನಿ ಸಾವಕಾಶವಾಗಿ ಇಳಿದು ಬಂತು. "ಇಲ್ಲ ಅಮ್ಮೋರೆ. ಹೂ ನೋಡ್ತಾ ಇದ್ದೆ. ಆಚೆ ಗುಡ್ಡದವರೆಗೂ ಬಿಳಿ. ಎಲ್ಲ ನಿಂತಿದೆ."

ಹೆಂಡತಿ ನನ್ನ ಮುಂಗೈ ಬಿಟ್ಟರು. ಬಿಗಿಯಾಗಿ ಹಿಡಿದಿದ್ದಲ್ಲಿ ನನ್ನ ಬಳೆಯ ಗುರುತು ಕೆಂಪಗೆ ಮೂಡಿತ್ತು. ಮೇಲೆ ಬಳ್ಳಿ ಸರಸರ ಎಂದಿತು, ಪಡುವಣ ಮಗ್ಗುಲಿನ ಮೊದಲ ಗೊಂಚಲು ಅವರ ಹೆಗಲ ಚೀಲಕ್ಕೆ ಬಿತ್ತು.